ಕೊಳಚೆ ನೀರಿನ ಹುಲ್ಲು ತಿನ್ನುವ ಹಸುವಿಗೆ ಟಾಕ್ಸಿನ್ ಬೈಂಡರ್ ಹಾಕಿದರೆ ಸಾಕಾ?

ಪ್ರಶ್ನೆ: ಬಿಡದಿ ಹತ್ತಿರ, ಬೈರಮಂಗಲ ಕೆರೆಯ ಕೆಳಗಡೆ ನಮ್ಮ ಜಮೀನು. ಆರು ಎಚ್‌ಎಫ್ ಮಿಶ್ರತಳಿ ಹಸು, ಎರಡು ಕರು ಇವೆ. ಬೆಂಗಳೂರಿನ ಕೊಳಚೆ ಹೊತ್ತು ತರುವ ವೃಷಭಾವತಿ ನೀರಿನಲ್ಲೇ ಸೀಮೆಹುಲ್ಲು ಬೆಳೆದು ಹಾಕುತ್ತೇವೆ. ಆ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಇದೆ ಅಂತ ಎಲ್ಲರೂ ಹೇಳುತ್ತಾರೆ. ಎರಡು ಹಸು ಗಬ್ಬ ನಿಲ್ಲುತ್ತಿಲ್ಲ. ಫೀಡ್ ಅಂಗಡಿಯವರು ಒಂದು ಟಾಕ್ಸಿನ್ ಬೈಂಡರ್ ಡಬ್ಬ ಕೊಟ್ಟು, ದಿನಾ ಹಾಕಿದರೆ ಶೇ 99ರಷ್ಟು ಲೋಹ ಸಗಣಿಯಲ್ಲಿ ಹೋಗುತ್ತೆ ಅಂದರು. ಪಕ್ಕದ ಮನೆಯವರು ಇದ್ದಿಲ ಪುಡಿ, ಬೆಳ್ಳುಳ್ಳಿ ಕೊಡಿ ಅಂತಾರೆ. ಯಾವುದನ್ನು ಕೊಡಬೇಕು? ಹಾಲು ಮಕ್ಕಳಿಗೆ ಕೊಡಬಹುದಾ?

ಉತ್ತರ: ಮೊದಲು ಆ ಡಬ್ಬದ ಲೇಬಲ್ ಓದಿ. ಟಾಕ್ಸಿನ್ ಬೈಂಡರ್ ಹೆಸರಿನಲ್ಲಿ ನಮ್ಮಲ್ಲಿ ಮಾರುವ ಪುಡಿಗಳಲ್ಲಿ ಹೆಚ್ಚಿನವು ಬೂಸ್ಟಿನ ವಿಷಕ್ಕೆ ಮಾಡಿದಂಥವು. ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ, ಹತ್ತಿಕಾಳು ಹಿಂಡಿಗೆ ಬೂಸ್ಟು ಹಿಡಿದಾಗ ಅಫ್ಲಾಟಾಕ್ಸಿನ್ ಹುಟ್ಟುತ್ತದಲ್ಲ, ಅದಕ್ಕೆ. ಒಳಗೆ ಇರುವುದು ಸಾಮಾನ್ಯವಾಗಿ ಬೆಂಟೊನೈಟ್‌ನಂಥ ಜೇಡಿಮಣ್ಣು, ಜೊತೆಗೆ ಸ್ವಲ್ಪ ಯೀಸ್ಟ್ ಪುಡಿ. ಐರೋಪ್ಯ ಒಕ್ಕೂಟ 2013ರಲ್ಲಿ ಬೆಂಟೊನೈಟನ್ನು ಟಾಕ್ಸಿನ್ ಬೈಂಡರ್ ಆಗಿ ಬಳಸಲು ಒಪ್ಪಿಗೆ ಕೊಟ್ಟಾಗಲೂ ಅದು ಅಫ್ಲಾಟಾಕ್ಸಿನ್ ಬಿ1 ಹಿಡಿಯುವುದಕ್ಕೆ ಮಾತ್ರ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಹಾಗಂತ ಮಣ್ಣು ಸೀಸವನ್ನು ಹಿಡಿಯುವುದೇ ಇಲ್ಲ ಅಂತಲ್ಲ. ಹಿಡಿಯುತ್ತದೆ. ಎಷ್ಟು, ಯಾವಾಗ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳಿವೆ, ಅವು ಈ ಡಬ್ಬಕ್ಕಿಂತ ಅಗ್ಗ.

ದೊಡ್ಡ ಹಸುವಿನ ಹೊಟ್ಟೆ ಸೀಸದ ವಿಷಯದಲ್ಲಿ ನೀವು ಅಂದುಕೊಂಡಷ್ಟು ದುರ್ಬಲ ಅಲ್ಲ. ತಿಂದ ಸೀಸದಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಗಂಧಕದಿಂದ ಸಲ್ಫೈಡ್ ತಯಾರಿಸುತ್ತವೆ. ಲೋಹ ಅದರ ಜೊತೆ ಸೇರಿ ಕರಗದ ವಸ್ತುವಾಗುತ್ತದೆ, ಸಗಣಿಯಲ್ಲಿ ಹೋಗುತ್ತದೆ. ಅಂದರೆ ಒಂದು ಬೈಂಡರ್ ಆಗಲೇ ಹಸುವಿನ ಹೊಟ್ಟೆಯಲ್ಲಿದೆ, ದುಡ್ಡಿಲ್ಲದೆ. ಹಾಲು ಕುಡಿಯುವ ಕರುವಿಗೆ ಈ ಅನುಕೂಲ ಇಲ್ಲ. ಅದರ ಮೆಲುಕು ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ, ಕುಡಿದದ್ದು ನೇರವಾಗಿ ಕೊನೆಯ ಹೊಟ್ಟೆಗೆ ಹೋಗುತ್ತದೆ, ಸೀಸ ಹಲವು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಕರುಗಳಿಗೆ ಎಲ್ಲವನ್ನೂ ನೆಕ್ಕುವ ಚಟ ಬೇರೆ. ನೀವು ಆರು ಹಸುಗಳ ಬಗ್ಗೆ ಬರೆದಿದ್ದೀರಿ. ನನಗೆ ಮೊದಲು ಚಿಂತೆ ಆಗಿದ್ದು ಆ ಎರಡು ಕರುಗಳ ಬಗ್ಗೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಹುಲ್ಲಿನಲ್ಲಿ ಒಣ ತೂಕಕ್ಕೆ ಕಿಲೋಗೆ 10 ಮಿ.ಗ್ರಾಂ ಸೀಸ ಇದೆ ಅಂತ ಸುಮ್ನೆ ಇಟ್ಟುಕೊಳ್ಳಿ. ಹಸು ದಿನಕ್ಕೆ 30 ಕಿಲೋ ಹಸಿ ಹುಲ್ಲು ತಿಂದರೆ ಅದರಲ್ಲಿ ಒಣ ಭಾಗ ಸುಮಾರು 6 ಕಿಲೋ. ಸೀಸ 60 ಮಿ.ಗ್ರಾಂ ಆಯಿತು. 400 ಕಿಲೋ ತೂಕದ ಹಸು ದಿನಾ ತಿಂದು ಕಾಯಿಲೆ ಬೀಳಬೇಕಾದರೆ ಕಿಲೋ ತೂಕಕ್ಕೆ 6 ಮಿ.ಗ್ರಾಂ ಲೆಕ್ಕದಲ್ಲಿ ಸುಮಾರು 2,400 ಮಿ.ಗ್ರಾಂ ಬೇಕು. ಅಂದರೆ ಹುಲ್ಲಿನಿಂದಲೇ ಹಸು ನೆಲಕ್ಕೆ ಬೀಳುವುದು ಬಹಳ ಅಪರೂಪ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2005ರಲ್ಲಿ ದನಗಳು ತಾಳಬಲ್ಲ ಮಿತಿ ಅಂತ ಕೊಟ್ಟದ್ದು ಒಣ ಮೇವಿನಲ್ಲಿ ಕಿಲೋಗೆ ಸೀಸ 100 ಮಿ.ಗ್ರಾಂ, ಕ್ಯಾಡ್ಮಿಯಂ 10 ಮಿ.ಗ್ರಾಂ. ಆದರೆ ಅದು ಹಸುವಿನ ಆರೋಗ್ಯದ ಮಿತಿ. ಹಾಲು ಕುಡಿಯುವವರ ಮಿತಿ ಬೇರೆ. ಯುರೋಪಿನಲ್ಲಿ ಹಸಿರು ಮೇವಿಗೆ ಸೀಸದ ಮಿತಿ 30 ಮಿ.ಗ್ರಾಂ, ಸಸ್ಯಮೂಲದ ಮೇವಿಗೆ ಕ್ಯಾಡ್ಮಿಯಂ ಮಿತಿ ಬರೀ 1 ಮಿ.ಗ್ರಾಂ. ಎರಡರ ನಡುವೆ ಎಷ್ಟು ಅಂತರ ನೋಡಿ. ಹಸು ಆರಾಮಾಗಿ ಮೆಲುಕು ಹಾಕುತ್ತಿದೆ ಅನ್ನುವುದು ಹಾಲಿಗೆ ಸರ್ಟಿಫಿಕೇಟ್ ಅಲ್ಲ.

ಈಗ ಕೊಟ್ಟಿಗೆ ಸುತ್ತ ಒಮ್ಮೆ ನಡೆದು ನೋಡಿ. ಹಳೆ ಬ್ಯಾಟರಿ ಬಿದ್ದಿದೆಯಾ? ಟ್ರ್ಯಾಕ್ಟರಿನ ಸುಟ್ಟ ಆಯಿಲ್, ಗ್ರೀಸ್ ಡಬ್ಬ? ಹಳೆ ಬಣ್ಣ ಉದುರುವ ಕಿಟಕಿ, ಗೇಟು? ಅಕ್ಕಪಕ್ಕದಲ್ಲಿ ಯಾರಾದರೂ ವೈರು, ಬ್ಯಾಟರಿ ಸುಡುತ್ತಾರಾ? ಕಾರಿನ ಒಂದು ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸ ಇರುತ್ತದೆ. ಒಡೆದ ಬ್ಯಾಟರಿಯಿಂದ ಹಸು 10 ಗ್ರಾಂ ಸೀಸ ನೆಕ್ಕಿತು ಅಂದರೆ 10,000 ಮಿ.ಗ್ರಾಂ. ಮೇಲಿನ ಲೆಕ್ಕದಲ್ಲಿ ಅದು ಐದೂವರೆ ತಿಂಗಳ ಹುಲ್ಲಿನ ಸೀಸ, ಒಂದೇ ಮಧ್ಯಾಹ್ನದಲ್ಲಿ. ತುಂಡು ನುಂಗಿದ್ದರೆ ಅದು ಜಾಲರಿಯಂಥ ಎರಡನೇ ಹೊಟ್ಟೆಯಲ್ಲಿ ಕೂತು ನಿಧಾನವಾಗಿ ಕರಗುತ್ತಾ ಇರುತ್ತದೆ. ದನಗಳಲ್ಲಿ ಸೀಸದ ವಿಷ ಅಂತ ಪಶುವೈದ್ಯರು ಕಾಣುವ ಕೇಸುಗಳಲ್ಲಿ ಬ್ಯಾಟರಿಯದ್ದೇ ದೊಡ್ಡ ಪಾಲು. ಎಲ್ಲರೂ ಕೆರೆಯ ಕಡೆ ಬೆರಳು ತೋರಿಸುತ್ತಿರುವಾಗ ಮೂಲೆಯಲ್ಲಿರುವ ಈ ಕಪ್ಪು ಡಬ್ಬ ಯಾರ ಕಣ್ಣಿಗೂ ಬೀಳುವುದಿಲ್ಲ.

ಕರು ಅಥವಾ ಹಸು ಇದ್ದಕ್ಕಿದ್ದಂತೆ ಕುರುಡಾದಂತೆ ನಡೆದರೆ, ಗೋಡೆಗೆ ತಲೆ ಒತ್ತಿ ನಿಂತರೆ, ಹಲ್ಲು ಕಡಿದರೆ, ಕಿವಿ ಮತ್ತು ರೆಪ್ಪೆ ಅದುರಿದರೆ, ಮೆಲುಕು ನಿಂತರೆ, ಯಾವ ಪುಡಿಯನ್ನೂ ಹುಡುಕಬೇಡಿ. ತಕ್ಷಣ ಡಾಕ್ಟರನ್ನು ಕರೆಸಿ. ಬರುವವರೆಗೆ ಬಾಯಿಗೆ ಏನೂ ಸುರಿಯಬೇಡಿ. ಹುಚ್ಚುನಾಯಿ ರೋಗದಲ್ಲೂ ಇಂಥ ಲಕ್ಷಣ ಬರಬಹುದು, ಹಾಗಾಗಿ ಬಾಯೊಳಗೆ ಕೈ ಹಾಕುವುದಂತೂ ಬೇಡವೇ ಬೇಡ.

ಹುಲ್ಲಿನ ವಿಷಯಕ್ಕೆ ಬರೋಣ. ಸೀಸ ಮತ್ತು ಕ್ಯಾಡ್ಮಿಯಂ ಹುಲ್ಲಿಗೆ ಬರುವ ದಾರಿ ಬೇರೆ ಬೇರೆ. ಸೀಸ ಮಣ್ಣಿನಲ್ಲಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಬೇರಿನಿಂದ ಎಲೆಗೆ ಅಷ್ಟಾಗಿ ಏರುವುದಿಲ್ಲ. ಎಲೆಯ ಮೇಲಿನ ಧೂಳು, ಬುಡದಲ್ಲಿ ಮೆತ್ತಿದ ಕೆಸರು, ಇವುಗಳ ಮೂಲಕ ಹಸುವಿನ ಬಾಯಿಗೆ ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಅದು ನೀರಿನ ಜೊತೆ ಬೇರಿನಿಂದ ಸಲೀಸಾಗಿ ಏರುತ್ತದೆ, ಮಣ್ಣು ಹುಳಿಯಾಗಿದ್ದರೆ ಇನ್ನೂ ಜಾಸ್ತಿ. ನಿಮ್ಮ ಸೀಮೆಹುಲ್ಲು, ಅಂದರೆ ನೇಪಿಯರ್, ಬೇಗ ಬೆಳೆದು ರಾಶಿ ಸೊಪ್ಪು ಕೊಡುತ್ತದೆ. ಆ ಗುಣಕ್ಕೇ ಇದನ್ನು ಕೆಟ್ಟ ನೆಲದಿಂದ ಕ್ಯಾಡ್ಮಿಯಂ ತೆಗೆಯಲು ವಿಜ್ಞಾನಿಗಳು ಬೆಳೆಸಿ ನೋಡಿದ್ದಾರೆ. ನೆಲ ತೊಳೆಯಲು ನೆಡುವ ಹುಲ್ಲನ್ನೇ ನಾವು ಕತ್ತರಿಸಿ ಗೋದಲಿಗೆ ಹಾಕುತ್ತೇವೆ ಅಂದರೆ ವಿಚಿತ್ರ ಅಲ್ವಾ? ಕೊಳಚೆ ನೀರಿನಲ್ಲಿ ಬೆಳೆದ ಪಾಲಕ್, ಹೂಕೋಸಿನ ಎಲೆ ಅಂತ ತರಕಾರಿ ಕಸ ತಂದು ಹಾಕುವವರೂ ಇದ್ದಾರೆ. ಸೊಪ್ಪು ತರಕಾರಿಗಳು ಕ್ಯಾಡ್ಮಿಯಂ ಹೀರುವುದರಲ್ಲಿ ಇನ್ನೂ ಮುಂದು. ನೀವು ಹಾಕುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಆದ್ದರಿಂದ ಪರೀಕ್ಷೆ ಮಾಡಿಸುವಾಗ ಒಂದೇ ಜಾಗದ ಹುಲ್ಲನ್ನು ಎರಡು ಕಟ್ಟು ಮಾಡಿ. ಒಂದನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಕಳಿಸಿ, ಇನ್ನೊಂದನ್ನು ಹಾಗೇ ಕಳಿಸಿ. ತೊಳೆದದ್ದರಲ್ಲಿ ಸೀಸ ಗಣನೀಯವಾಗಿ ಕಡಿಮೆ ಬಂದರೆ ನಿಮ್ಮ ಸಮಸ್ಯೆ ಧೂಳು ಮತ್ತು ಕೆಸರು. ಅದಕ್ಕೆ ಮದ್ದು ಅಂದರೆ ಬುಡದಿಂದ ಒಂದು ಗೇಣು ಮೇಲೆ ಕೊಯ್ಯುವುದು, ನೀರು ಹಾಯಿಸಿದ ತಕ್ಷಣ ಕೊಯ್ಯದಿರುವುದು, ಕೊಯ್ದ ಹುಲ್ಲನ್ನು ಕೆಸರಿನ ಮೇಲೆ ಎಳೆಯದಿರುವುದು, ಸಾಧ್ಯವಾದರೆ ಬೋರ್‌ವೆಲ್ ನೀರಿನಲ್ಲಿ ಒಮ್ಮೆ ಜಾಲಾಡಿಸುವುದು. ಎರಡೂ ಒಂದೇ ಬಂದರೆ ಲೋಹ ಹುಲ್ಲಿನ ಒಳಗೇ ಇದೆ, ತೊಳೆದರೆ ಹೋಗುವುದಿಲ್ಲ. ಆಗ ನೆಲಕ್ಕೆ ಸುಣ್ಣ ಮತ್ತು ಕಾಂಪೋಸ್ಟ್ ಹಾಕಿ ಹುಳಿ ತಗ್ಗಿಸಬೇಕು. ಎಷ್ಟು ಸುಣ್ಣ ಅಂತ ಮಣ್ಣು ಪರೀಕ್ಷೆ ಹೇಳುತ್ತದೆ. ರಿಪೋರ್ಟ್ ಬಂದಾಗ ಅಂಕಿ ಹಸಿ ತೂಕಕ್ಕಾ, ಒಣ ತೂಕಕ್ಕಾ ಅಂತ ಕೇಳಿ. ಹಸಿ ತೂಕಕ್ಕೆ 2 ಅಂತ ಇದ್ದರೆ ಒಣ ತೂಕಕ್ಕೆ 10 ಆಗುತ್ತದೆ. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ನೆಮ್ಮದಿಯಾಗಿ ಮಲಗುವವರೂ ಇದ್ದಾರೆ, ಸುಮ್ನೆ ಹೆದರುವವರೂ ಇದ್ದಾರೆ. ಮಾನ್ಯತೆ ಇರುವ ಲ್ಯಾಬಿಗೇ ಕೊಡಿ. ಎಲ್ಲಿ ಕೊಡಬೇಕು, ಹೇಗೆ ಸ್ಯಾಂಪಲ್ ತೆಗೆಯಬೇಕು ಅಂತ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಇನ್ನು ಮೇವಿನ ಜೊತೆ ಏನು ಸೇರಿಸಬೇಕು ಅನ್ನುವ ನಿಮ್ಮ ಪ್ರಶ್ನೆ. ನನ್ನನ್ನು ಕೇಳಿದರೆ ಮೊದಲ ಹೆಸರು ಮಾಮೂಲಿ ಖನಿಜ ಮಿಶ್ರಣ. ಹೊಸದೇನೂ ಅಲ್ಲ ಅಂತ ಬೇಸರ ಬೇಡ. ಕರುಳಿನ ಗೋಡೆಯಲ್ಲಿ ಸೀಸಕ್ಕೆ ಅಂತ ಪ್ರತ್ಯೇಕ ಬಾಗಿಲು ಇಲ್ಲ. ಅದು ಕ್ಯಾಲ್ಸಿಯಂ ಮತ್ತು ಕಬ್ಬಿಣ ಹೋಗುವ ದಾರಿಯಲ್ಲೇ ನುಸುಳುತ್ತದೆ. ಕ್ಯಾಡ್ಮಿಯಂ ಕೂಡ ಸತು ಮತ್ತು ಕಬ್ಬಿಣದ ವೇಷದಲ್ಲಿ ಹೋಗುತ್ತದೆ. ಮೇವಿನಲ್ಲಿ ಕ್ಯಾಲ್ಸಿಯಂ, ಸತು ಕಡಿಮೆ ಇದ್ದಾಗ ದೇಹ ಆ ದಾರಿಗಳನ್ನು ಇನ್ನಷ್ಟು ತೆರೆದಿಡುತ್ತದೆ, ವಿಷದ ಲೋಹವೂ ಜಾಸ್ತಿ ಒಳಗೆ ಬರುತ್ತದೆ. ಹೊಟ್ಟೆ ತುಂಬ ಖನಿಜ ಸಿಕ್ಕ ಹಸು, ಅದೇ ಹುಲ್ಲು ತಿಂದರೂ, ಕಡಿಮೆ ಸೀಸ ಹೀರುತ್ತದೆ.

ನಿಮ್ಮ ಹಸುಗಳಿಗೆ ಇದು ಇನ್ನೂ ಮುಖ್ಯ. ಯಾಕೆಂದರೆ ನೇಪಿಯರ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹಸುವಿಗೆ ಪೂರ್ತಿ ಸಿಗದಂತೆ ಮಾಡುತ್ತದೆ. ಬರೀ ನೇಪಿಯರ್ ತಿನ್ನುವ ಹಸು ಕ್ಯಾಲ್ಸಿಯಂಗೆ ಹಸಿದಿರುತ್ತದೆ, ಸೀಸಕ್ಕೆ ದಾರಿ ಬಿಟ್ಟಿರುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಹಾಲಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಹಸು ತನ್ನ ಮೂಳೆಯಿಂದ ಕರಗಿಸಿ ಕೊಡುತ್ತದೆ. ಹೀರಿಕೊಂಡ ಸೀಸದ ದೊಡ್ಡ ಪಾಲು ಸಂಗ್ರಹ ಆಗಿರುವುದೂ ಮೂಳೆಯಲ್ಲೇ. ಎರಡೂ ಒಟ್ಟಿಗೆ ಹೊರಗೆ ಬರುತ್ತವೆ. ಆದ್ದರಿಂದ ಗಬ್ಬದ ಕೊನೆಯ ತಿಂಗಳುಗಳಲ್ಲಿ ಮತ್ತು ಕರು ಹಾಕಿದ ಮೇಲೆ ಏನು, ಎಷ್ಟು ಕ್ಯಾಲ್ಸಿಯಂ ಕೊಡಬೇಕು ಅಂತ ಡಾಕ್ಟರ ಹತ್ತಿರ ಮಾತಾಡಿ. ಒಣಗಿಸಿದ ಹಸುವಿಗೆ ವಿಪರೀತ ಕ್ಯಾಲ್ಸಿಯಂ ಕೊಟ್ಟರೆ ಕರು ಹಾಕಿದ ಮೇಲೆ ಹಾಲುಜ್ವರ ಬರುವ ಅಪಾಯ ಇದೆ, ಅದಕ್ಕೇ ಈ ಎಚ್ಚರಿಕೆ.

ಖನಿಜ ಮಿಶ್ರಣದ ಪ್ರಮಾಣ ಹೇಳಬೇಕೆಂದರೆ ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ, ಹಾಲು ಜಾಸ್ತಿ ಇದ್ದರೆ ಸ್ವಲ್ಪ ಹೆಚ್ಚು, ಬೆಳೆಯುವ ಕರುವಿಗೆ 20 ಗ್ರಾಂ ಸುತ್ತಮುತ್ತ. ಚೀಲದ ಮೇಲೆ ಭಾರತೀಯ ಮಾನಕದ ಐಎಸ್ 1664 ಗುರುತು ಇರಲಿ. ಅಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯೆ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವಿನ ಕೊರತೆ ನೋಡಿ ಪ್ರದೇಶವಾರು ಮಿಶ್ರಣಗಳನ್ನು ರೂಪಿಸಿದೆ. ಅಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅಗ್ಗ ಅಂತ ಗೊಬ್ಬರದ ಅಂಗಡಿಯ ಸತುವಿನ ಸಲ್ಫೇಟ್, ರಾಕ್ ಫಾಸ್ಫೇಟ್ ತಂದು ಮನೆಯಲ್ಲೇ ಮಿಶ್ರಣ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಸತುವಿನ ಅದಿರಿನಲ್ಲೇ ಕ್ಯಾಡ್ಮಿಯಂ ಇರುತ್ತದೆ, ಶಿಲಾ ಫಾಸ್ಫೇಟಿನಲ್ಲಿ ಕ್ಯಾಡ್ಮಿಯಂ ಜೊತೆ ಫ್ಲೋರೈಡ್ ಕೂಡ ಇರುತ್ತದೆ. ಮೇವಿನ ದರ್ಜೆಯದ್ದು ಅಲ್ಲದಿದ್ದರೆ ಯಾವುದನ್ನು ತಡೆಯಲು ಹೊರಟಿರೋ ಅದನ್ನೇ ಚಮಚದಲ್ಲಿ ಹಾಕಿದಂತಾಗುತ್ತದೆ. ಕುರಿ ಇದ್ದರೆ ಹಸುವಿನ ಮಿಶ್ರಣ ಅವಕ್ಕೆ ಹಾಕಬೇಡಿ. ಹಸು ತಾಳುವ ತಾಮ್ರ ಕುರಿಗೆ ವಿಷ.

ಖನಿಜದಷ್ಟೇ ಕೆಲಸ ಮಾಡುವ ಇನ್ನೊಂದು ನಿಮ್ಮ ಊರಿನಲ್ಲೇ ಇದೆ, ರಾಗಿ ಹುಲ್ಲು. ಮಳೆ ಆಶ್ರಯದ ಹೊಲದ ರಾಗಿ ಹುಲ್ಲಿಗೆ ಕೊಳಚೆ ನೀರಿನ ಸೋಂಕಿಲ್ಲ, ಭತ್ತದ ಹುಲ್ಲಿಗಿಂತ ಕ್ಯಾಲ್ಸಿಯಂ ಜಾಸ್ತಿ. ಒಣ ಮೇವಿನ ಲೆಕ್ಕದಲ್ಲಿ ಅರ್ಧ ನೇಪಿಯರ್ ತೆಗೆದು ಅರ್ಧ ರಾಗಿ ಹುಲ್ಲು ಹಾಕಿದರೆ ಹುಲ್ಲಿನಿಂದ ಬರುವ ಲೋಹ ನೇರವಾಗಿ ಅರ್ಧ ಆಗುತ್ತದೆ. ಯಾವ ಡಬ್ಬವೂ ಇಷ್ಟು ಖಾತ್ರಿಯಾಗಿ ಇದನ್ನು ಮಾಡುವುದಿಲ್ಲ. ಹಾಲು ಇಳಿಯದಿರಲು ಪ್ರೋಟೀನ್ ಕೊರತೆಯನ್ನು ಹಿಂಡಿಯಲ್ಲಿ ಸರಿಮಾಡಬೇಕು, ಖರ್ಚು ಇದೆ, ಒಪ್ಪುತ್ತೇನೆ. ಬೋರ್‌ವೆಲ್ ನೀರಿನ ಒಂದು ತುಂಡು ಜಮೀನು ಇದ್ದರೆ ಅಲ್ಲಿನ ಮೇವನ್ನು ಕರುಗಳಿಗೆ ಮತ್ತು ಈಗಷ್ಟೇ ಕರು ಹಾಕಿದ ಹಸುಗಳಿಗೆ ಮೀಸಲಿಡಿ. ಕುಡಿಯುವ ನೀರಂತೂ ಕೆರೆಯದ್ದು ಬೇಡವೇ ಬೇಡ.

ಈಗ ಡಬ್ಬದ ಮಣ್ಣಿಗೆ ಬರುತ್ತೇನೆ. ಬೆಂಟೊನೈಟ್ ಪದರ ಪದರವಾದ ಜೇಡಿ. ಪದರಗಳಿಗೆ ಋಣ ವಿದ್ಯುದಂಶ ಇರುತ್ತದೆ, ಅದಕ್ಕೆ ಸೋಡಿಯಂ, ಕ್ಯಾಲ್ಸಿಯಂನಂಥ ಧನ ಅಂಶಗಳು ಸಡಿಲವಾಗಿ ಅಂಟಿಕೊಂಡಿರುತ್ತವೆ. ಸೀಸ ಎದುರಾದರೆ ಅವನ್ನು ಬಿಟ್ಟು ಸೀಸವನ್ನು ಹಿಡಿಯುತ್ತದೆ. ಜಿಯೋಲೈಟ್ ಅನ್ನುವ ಖನಿಜ ಕೂಡ ಹೀಗೇ, ಅದರಲ್ಲಿ ಪದರದ ಬದಲು ಸಣ್ಣ ಸಣ್ಣ ಗೂಡುಗಳು. ಅಂಗಡಿಯವರು ಹೇಳಿದ ಶೇ 99 ಬಹುಶಃ ಗಾಜಿನ ಪಾತ್ರೆಯ ಅಂಕಿ. ಶುದ್ಧ ನೀರಿಗೆ ಸೀಸ ಮಾತ್ರ ಹಾಕಿ, ಮಣ್ಣು ಕಲಸಿ, ಎಷ್ಟು ಉಳಿಯಿತು ಅಂತ ಅಳೆದರೆ ಅಂಥ ಅಂಕಿ ಬರುತ್ತದೆ. ಹಸುವಿನ ಹೊಟ್ಟೆ ಗಾಜಿನ ಪಾತ್ರೆ ಅಲ್ಲ. ಅಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಅಮೋನಿಯಂ ಸೀಸಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಇವೆ, ಎಲ್ಲವೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ನಾಲ್ಕನೇ ಹೊಟ್ಟೆಯ ಆಮ್ಲಕ್ಕೆ ಬಂದಾಗ ಹಿಡಿದದ್ದರಲ್ಲಿ ಒಂದಷ್ಟನ್ನು ಮಣ್ಣು ಬಿಟ್ಟುಬಿಡುತ್ತದೆ. ಇಲಿ, ಕೋಳಿ, ಹಂದಿಗಳ ಪ್ರಯೋಗಗಳಲ್ಲಿ ಈ ಮಣ್ಣುಗಳಿಂದ ಅಂಗಾಂಗಗಳಲ್ಲಿ ಸೀಸ, ಕ್ಯಾಡ್ಮಿಯಂ ಕಡಿಮೆಯಾದ ಉದಾಹರಣೆ ಇದೆ. ಹಾಲು ಕೊಡುವ ಹಸುಗಳ ಮೇಲೆ ಆಗಿರುವ ಕೆಲಸ ಕಡಿಮೆ. ಹಾಗಾಗಿ ಸ್ವಲ್ಪ ಉಪಯೋಗ ಆಗಬಹುದು ಅನ್ನುವಷ್ಟಕ್ಕೆ ನಾನು ನಿಲ್ಲುತ್ತೇನೆ.

ನೀರಿನಲ್ಲಿ ಸಿಗುವ ಇನ್ನೊಂದು ವಿಷ ಆರ್ಸೆನಿಕ್. ಅದಕ್ಕೆ ಈ ಮಣ್ಣಿನಿಂದ ಉಪಯೋಗ ಇಲ್ಲ ಅನ್ನುವುದನ್ನೂ ತಿಳಿದಿರಿ. ನೀರಿನಲ್ಲಿ ಆರ್ಸೆನಿಕ್ ಇರುವುದು ಹೆಚ್ಚಾಗಿ ಋಣ ಅಂಶವಾಗಿ ಇಲ್ಲವೇ ಯಾವ ವಿದ್ಯುದಂಶವೂ ಇಲ್ಲದೆ. ಋಣ ಇರುವ ಜೇಡಿ ಅದನ್ನು ಹಿಡಿಯುವುದು ಕಷ್ಟ. ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕಗಳಿಂದ ಬರುವ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ, ಅದರ ಕತೆಯೂ ಅದೇ. ಪೀಣ್ಯದ ಅಂತರ್ಜಲದಲ್ಲಿ ಅದು ಸಿಕ್ಕಿದ್ದು ನೀವೂ ಓದಿರಬಹುದು. ಹಟ್ಟಿ ಚಿನ್ನದ ಗಣಿ ಸುತ್ತಮುತ್ತ, ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಂಥ ಕಡೆ ನೆಲದ ನೀರಿನಲ್ಲೇ ಆರ್ಸೆನಿಕ್ ಇದೆ. ಆ ಕಡೆಯವರು ಇದನ್ನು ಓದುತ್ತಿದ್ದರೆ ಪುಡಿಗೆ ದುಡ್ಡು ಹಾಕದೆ ನೀರಿನ ಮೂಲ ಬದಲಿಸಿ. ಜಾನುವಾರು ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.2 ಮಿ.ಗ್ರಾಂ ದಾಟಬಾರದು. ಮನುಷ್ಯರಿಗೆ ಮಿತಿ 0.01.

ಮಣ್ಣು ಕೊಡುವುದೇ ಆದರೆ ಹೀಗೆ ಮಾಡಿ. ಒಂದು ಹಸುವಿಗೆ ದಿನಕ್ಕೆ 100 ಗ್ರಾಂ ಹತ್ತಿರ, ಹಿಂಡಿ ಬೂಸದಲ್ಲಿ ಚೆನ್ನಾಗಿ ಕಲಸಿ. ಯುರೋಪಿನ ಗರಿಷ್ಠ ಮಿತಿ ಒಟ್ಟು ಆಹಾರದ ಶೇ 2. ಅಷ್ಟಕ್ಕೆ ಹೋಗುವ ಅಗತ್ಯ ಇಲ್ಲ. ಮಣ್ಣು ಸೀಸವನ್ನು ಮಾತ್ರ ಗುರುತು ಹಿಡಿಯುವುದಿಲ್ಲ, ಸತು, ತಾಮ್ರಕ್ಕೂ ಕೈ ಹಾಕಬಹುದು. ಆದ್ದರಿಂದ ಮಣ್ಣು ಬೆಳಿಗ್ಗೆ, ಖನಿಜ ಮಿಶ್ರಣ ಸಂಜೆ. ಜಂತುಹುಳದ ಔಷಧಿ ಅಥವಾ ಬೇರೆ ಮಾತ್ರೆ ಬಾಯಿಗೆ ಹಾಕುವ ದಿನಗಳಲ್ಲಿ ಮಣ್ಣು ನಿಲ್ಲಿಸಿ. ಮೇವು ಬದಲಾಯಿಸುವವರೆಗೆ ಒಂದು ಊರುಗೋಲು ಅಂತ ಬಳಸಿ, ವರ್ಷಗಟ್ಟಲೆ ಬೇಡ. ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: ಈ ಬ್ಯಾಚಿನ ಮಣ್ಣಿನಲ್ಲೇ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಡಯಾಕ್ಸಿನ್ (ಕೊಬ್ಬಿನಲ್ಲಿ ಸೇರಿ ಉಳಿಯುವ ಒಂದು ವಿಷ) ಎಷ್ಟಿದೆ? ಮಣ್ಣು ನೆಲದಿಂದ ಅಗೆದದ್ದು, ಅದರಲ್ಲೂ ಲೋಹ ಇರುತ್ತದೆ. 1997ರಲ್ಲಿ ಅಮೆರಿಕದಲ್ಲಿ ಕೋಳಿ ಮತ್ತು ಮೀನಿನ ಆಹಾರಕ್ಕೆ ಹೀಗೇ ಬಾಲ್ ಕ್ಲೇ ಅನ್ನುವ ಜೇಡಿ ಸೇರಿ ಡಯಾಕ್ಸಿನ್ ವಿಷ ಬಂದಿತ್ತು. ಯಾರೂ ಕಲಬೆರಕೆ ಮಾಡಿದ್ದಲ್ಲ, ಆ ಮಣ್ಣಿನಲ್ಲೇ ಇದ್ದದ್ದು. ಸರ್ಟಿಫಿಕೇಟ್ ತೋರಿಸದಿದ್ದರೆ ಡಬ್ಬ ವಾಪಸ್ ಕೊಡಿ.

ಇದ್ದಿಲ ಪುಡಿ: ಕೀಟನಾಶಕದಂಥ ವಿಷಗಳನ್ನು ಚೆನ್ನಾಗಿ ಹಿಡಿಯುವುದು ಔಷಧಿ ದರ್ಜೆಯ ಆಕ್ಟಿವೇಟೆಡ್ ಇದ್ದಿಲು. ಅದೂ ಲೋಹಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಇನ್ನು ಒಲೆಯ ಇದ್ದಿಲು ಯಾವ ಲೆಕ್ಕ. ಬೆಳ್ಳುಳ್ಳಿ: ಹಾಲಿಗೆ ವಾಸನೆ ಬರುವುದು ಖಚಿತ, ಉಳಿದದ್ದು ಹೆಚ್ಚಾಗಿ ಇಲಿಗಳ ಪ್ರಯೋಗ. ಸ್ಪಿರುಲಿನಾ ಅನ್ನುವ ಪಾಚಿ ಪುಡಿ, ಹ್ಯೂಮಿಕ್ ಆಮ್ಲ ಅಂತಲೂ ಮಾರುತ್ತಾರೆ. ಸ್ಪಿರುಲಿನಾ ತಾನು ಬೆಳೆದ ನೀರಿನ ಲೋಹವನ್ನು ತಾನೇ ಹೀರಿಕೊಂಡಿರಬಹುದು, ಅದಕ್ಕೂ ಟೆಸ್ಟ್ ರಿಪೋರ್ಟ್ ಬೇಕು. ವಿಟಮಿನ್ ಇ ಮತ್ತು ಸೆಲೆನಿಯಂಗೆ ಒಂದು ಜಾಗ ಇದೆ. ಲೋಹ ಜೀವಕೋಶಗಳಿಗೆ ಮಾಡುವ ಹಾನಿಯನ್ನು ಅವು ತಗ್ಗಿಸಬಲ್ಲವು, ಲೋಹವನ್ನು ಹೊರಗೆ ಹಾಕುವುದಿಲ್ಲ. ಸೆಲೆನಿಯಂ ಮೇವಿನಲ್ಲಿ ಬೇಕಾದ್ದು ಕಿಲೋಗೆ 0.3 ಮಿ.ಗ್ರಾಂ, 5 ದಾಟಿದರೆ ಅದೇ ವಿಷ. ಖನಿಜ ಮಿಶ್ರಣದಲ್ಲಿ ಇರುವುದರ ಮೇಲೆ ಇನ್ನೊಂದು ಸೆಲೆನಿಯಂ ಪುಡಿ ಹಾಕಬೇಡಿ.

ಎಪ್ಸಮ್ ಉಪ್ಪಿನ ಬಗ್ಗೆ ಕೆಲವರು ಕೇಳುತ್ತಾರೆ. ಸೀಸ ತಿಂದದ್ದು ಗೊತ್ತಾದಾಗ ಡಾಕ್ಟರು ಅದನ್ನು ಕೊಡುವುದುಂಟು, ಹೊಟ್ಟೆಯಲ್ಲಿರುವ ಸೀಸ ಕರಗದ ಸಲ್ಫೇಟ್ ಆಗಲಿ ಅಂತ. ಅದು ತುರ್ತು ಚಿಕಿತ್ಸೆ. ದಿನಾ ಕೊಟ್ಟರೆ ಗಂಧಕ ಹೆಚ್ಚಾಗಿ ತಾಮ್ರದ ಕೊರತೆ ಬರುತ್ತದೆ, ಇನ್ನೂ ಹೆಚ್ಚಾದರೆ ಮೆದುಳಿಗೇ ಏಟು. ದೇಹದ ಸೀಸವನ್ನು ಹಿಡಿದು ಹೊರಗೆ ಹಾಕುವ ಇಡಿಟಿಎ ಇಂಜೆಕ್ಷನ್ ಕೂಡ ಡಾಕ್ಟರ ಕೈಯಲ್ಲೇ ಇರಲಿ. ಅದು ಸೀಸದ ಜೊತೆ ಸತುವನ್ನೂ ಎಳೆದುಕೊಂಡು ಹೋಗುತ್ತದೆ. ಹೊಟ್ಟೆಯಲ್ಲಿ ಸೀಸ ಇರುವಾಗ ಬಾಯಿಂದ ಕೊಟ್ಟರಂತೂ ಸೀಸ ಹೀರುವಿಕೆ ಹೆಚ್ಚಬಹುದು.

ಗಬ್ಬ ನಿಲ್ಲದ ಎರಡು ಹಸುಗಳ ವಿಷಯ. ತಕ್ಷಣ ಲೋಹದ ತಲೆಗೆ ಕಟ್ಟಬೇಡಿ. ಗರ್ಭಕೋಶದ ಸೋಂಕು, ಬೆದೆ ಗುರುತಿಸುವಲ್ಲಿ ತಡ, ಶಕ್ತಿ ಸಾಲದ ಮೇವು, ಇವೇ ಸಾಮಾನ್ಯ ಕಾರಣಗಳು. ಆದರೆ ಒಂದು ಕೊಂಡಿ ಇದೆ. ಕ್ಯಾಡ್ಮಿಯಂ ಸ್ವಲ್ಪವೇ ಇದ್ದರೂ ತಾಮ್ರ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ. ತಾಮ್ರ ಕಡಿಮೆಯಾದ ಹಸುವಿನಲ್ಲಿ ಕಪ್ಪು ಕೂದಲು ಕೆಂಚಾಗುತ್ತದೆ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಣ್ಣ ಮಾಸುತ್ತದೆ, ಬೆದೆ ಸರಿಯಾಗಿ ಬರುವುದಿಲ್ಲ. ನಿಮ್ಮ ಹಸುಗಳಲ್ಲಿ ಹೀಗೆ ಕಂಡರೆ ಡಾಕ್ಟರಿಗೆ ತೋರಿಸಿ ತಾಮ್ರ, ಸತು ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಖನಿಜ ಮಿಶ್ರಣದಿಂದಲೇ ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣಬಹುದು.

ಹಾಲು. ಹಾಲಿನಲ್ಲಿ ಸೀಸಕ್ಕೆ ನಮ್ಮ ದೇಶದಲ್ಲೂ, ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನಲ್ಲೂ ಮಿತಿ ಕಿಲೋಗೆ 0.02 ಮಿ.ಗ್ರಾಂ. ಕ್ಯಾಡ್ಮಿಯಂ ಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ, ಅದು ಹಸುವಿನ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಸೀಸದ ವಿಷಯದಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಸೀಸ–ಸತು ಕರಗಿಸುವ ಕಾರ್ಖಾನೆಯಂಥ ಮಾಲಿನ್ಯದ ಜಾಗಗಳ ಹಸುಗಳನ್ನು ನೋಡಿ ಒಂದು ಉಪಯುಕ್ತ ಗೆರೆ ಕಂಡುಕೊಂಡಿದ್ದಾರೆ. ರಕ್ತದ ಸೀಸ ಮಿಲಿಲೀಟರಿಗೆ 0.2 ಮೈಕ್ರೋಗ್ರಾಂ ದಾಟಿದ ಮೇಲೆ ಹಾಲಿನಲ್ಲಿ ಸೀಸ ಚುರುಕಾಗಿ ಏರುತ್ತದೆ. ಹಾಗಾಗಿ ಹಸುಗಳ ರಕ್ತ ಪರೀಕ್ಷೆ ಮಾಡಿಸಿ. ಸೀಸ ಕೆಂಪು ರಕ್ತಕಣಗಳಲ್ಲಿ ಇರುವುದರಿಂದ ಹೆಪ್ಪುಗಟ್ಟದ ಪೂರ್ತಿ ರಕ್ತ ಕಳಿಸಬೇಕು, ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕಳಿಸಿದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ. ಜೊತೆಗೆ ಹಾಲಿನ ಒಂದು ಸ್ಯಾಂಪಲ್. ಅದು ಬರುವವರೆಗೆ ಚಿಕ್ಕ ಮಕ್ಕಳಿಗೆ ಬೇರೆ ಹಾಲು ಕೊಡುವುದು ನನ್ನ ಸಲಹೆ. ಕಾಯಿಸಿದರೆ ಲೋಹ ಹೋಗುವುದಿಲ್ಲ. ಒಂದು ಹಸುವಿನ ಅಂಕಿ ಮಾತ್ರ ಬಹಳ ಮೇಲಿದ್ದರೆ, ಮತ್ತೆ ಆ ಬ್ಯಾಟರಿ ಹುಡುಕಿ. ಹುಲ್ಲಿನಿಂದ ಬಂದದ್ದಾಗಿದ್ದರೆ ಆರೂ ಹಸುಗಳಲ್ಲಿ ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತದೆ. ಸೀಸ ಹೆಚ್ಚಿದ್ದ ಹಸುವಿನ ರಕ್ತ ಇಳಿಯಲು ಕೆಲವಕ್ಕೆ ವಾರಗಳು, ಕೆಲವಕ್ಕೆ ವರ್ಷಕ್ಕಿಂತ ಜಾಸ್ತಿ ಬೇಕು. ಮತ್ತೆ ಪರೀಕ್ಷೆ ಮಾಡಿಸದೆ ಅದರ ಹಾಲನ್ನು ಡೈರಿಗೆ ಹಾಕಬೇಡಿ.

ಕೊನೆಗೆ ಸಗಣಿ. ನೀವು ಬೈಂಡರ್ ಹಾಕಿ, ಅದು ಚೆನ್ನಾಗಿಯೇ ಕೆಲಸ ಮಾಡಿತು ಅಂತಿಟ್ಟುಕೊಳ್ಳಿ. ಲೋಹ ಸಗಣಿಗೆ ಬಂತು. ಆ ಸಗಣಿಯನ್ನು ಅದೇ ನೇಪಿಯರ್ ತೋಟಕ್ಕೆ ಹಾಕಿದರೆ ನೆಲದಿಂದ ಎತ್ತಿದ್ದನ್ನು ನೆಲಕ್ಕೇ ವಾಪಸ್ ಹಾಕಿದಂತೆ, ಮೇಲೆ ನಾಲೆಯ ನೀರು ಹೊಸದನ್ನು ತರುತ್ತಲೇ ಇರುತ್ತದೆ. ಗೋಬರ್ ಗ್ಯಾಸಿಗೆ ಹಾಕಿದರೂ ಲೋಹ ಸ್ಲರಿಯಲ್ಲೇ ಉಳಿಯುತ್ತದೆ. ಆ ಗೊಬ್ಬರವನ್ನು ಸಿಲ್ವರ್ ಓಕ್, ನೀಲಗಿರಿ ಸಾಲಿಗೆ ಅಥವಾ ಹೂವಿನ ಗಿಡಕ್ಕೆ ಹಾಕಿ. ಹಿಪ್ಪುನೇರಳೆಗೆ ಬೇಡ, ಸೊಪ್ಪು ತರಕಾರಿಗೆ ಬೇಡ. ಪರೀಕ್ಷೆಗೆ ಹುಲ್ಲು ಕಳಿಸುವಾಗ ಒಂದು ಪೊಟ್ಟಣ ಸಗಣಿಯನ್ನೂ ಕಳಿಸಿ. ಹಸು ನಿಜವಾಗಿ ಎಷ್ಟು ಲೋಹ ತಿನ್ನುತ್ತಿದೆ ಅನ್ನುವುದರ ಅಂದಾಜು ಅದರಲ್ಲೂ ಸಿಗುತ್ತದೆ, ಬ್ಯಾಟರಿ ನೆಕ್ಕಿದ್ದರೆ ಅದೂ ಅಲ್ಲಿ ಬಯಲಾಗುತ್ತದೆ.